ಸೋತವರಿಗೆ ಕಾರಣ ಹೇಳುವ ಹುದ್ದೆ

ಮಾವ ಮತ್ತು ಸೋದರ ಸೊಸೆಯ ನಡುವಿನ ಈ ಮಾತುಕತೆ ಕಲ್ಪಿತ. ಮಾವ ನ್ಯಾಯಮಂಡಳಿಗಳಲ್ಲಿ ವಕಾಲತ್ತು ನಡೆಸಿ ಈಗ ಡೊಂಬಿವಲಿಯಲ್ಲಿ ವಿಶ್ರಾಂತರಾಗಿರುವವರು. ಮೂಲ ಊರು ಕಾರ್ಕಳದ ಕಡೆ. ಸೊಸೆ ಮಹಾರಾಷ್ಟ್ರದ ಸಹಕಾರ ಇಲಾಖೆಯ ಅಧಿಕಾರಿ. ಥಾಣೆ ಜಿಲ್ಲೆಯಲ್ಲಿ ಮೊದಲ ಬಾರಿಗೆ ತೀರ್ಪು ಕೊಡುವ ಕುರ್ಚಿಗೆ ಬರುತ್ತಿದ್ದಾಳೆ. ಅವರು ಎತ್ತುವ ಕಾಯಿದೆ, ಮೊಕದ್ದಮೆ, ಇಸವಿಗಳು ವಾಸ್ತವದವು. ಮಧ್ಯದಲ್ಲಿ ಬರುವ ಒಂದು ಕಡತ ಮಾತ್ರ ವಿವರಣೆಗಾಗಿ ಕಟ್ಟಿದ್ದು.

ಸೊಸೆ: ಇಲ್ಲಿಯವರೆಗೆ ಮಾಡಿದ ಕೆಲಸಕ್ಕೂ ಇನ್ನು ಮಾಡಬೇಕಾದ ಕೆಲಸಕ್ಕೂ ಹೊರಗಿನಿಂದ ನೋಡಿದರೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಮಾವ. ಅದೇ ಇಲಾಖೆ, ಅದೇ ಕಡತ, ಅದೇ ಮೊಹರು. ಆದರೆ ಇನ್ನು ಮುಂದೆ ಒಂದು ಹೌಸಿಂಗ್ ಸೊಸೈಟಿ ಒಂದು ಕಡೆಗೂ ಅದರ ಬಿಲ್ಡರ್ ಇನ್ನೊಂದು ಕಡೆಗೂ ನಿಂತಾಗ ನಡುವೆ ಕೂತು ತೀರ್ಮಾನ ಹೇಳಬೇಕಾದವಳು ನಾನು. ಜನ ಮೋಫಾ ಎಂದು ಕರೆಯುವ 1963ರ ಫ್ಲ್ಯಾಟ್ ಕಾಯಿದೆಯ 11ನೇ ಕಲಮಿನ ಪ್ರಕಾರ ಬಿಲ್ಡರನು ಕಟ್ಟಡ ಮತ್ತು ಜಾಗದ ಹಕ್ಕನ್ನು ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಎಷ್ಟೋ ಬಿಲ್ಡರುಗಳು ಬರೆದುಕೊಡಲಿಲ್ಲ. ಅದಕ್ಕೇ 2008ರಲ್ಲಿ ತಿದ್ದುಪಡಿ ತಂದು, ಬಿಲ್ಡರ್ ಸಹಿ ಹಾಕದಿದ್ದರೂ ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರದ ಮೇಲೆ ದಸ್ತಾವೇಜು ನೋಂದಣಿಯಾಗುವಂತೆ ಮಾಡಿದರು. ಅದೇ ಡೀಮ್ಡ್ ಕನ್ವೆಯನ್ಸ್. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕೆಂದರೆ ಜಾಗ ಸೊಸೈಟಿಯ ಹೆಸರಿನಲ್ಲಿರಬೇಕು. ಹಾಗಾಗಿ ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಈ ಅರ್ಜಿಯ ಮೇಲೆ ನೂರಾರು ಸಂಸಾರಗಳ ಮನೆ ನಿಂತಿದೆ. ಇಂಥ ಕುರ್ಚಿಗೆ ಬರುವವಳು ಮೊದಲು ಏನು ಓದಬೇಕು? ಯಾವ ಕಾಯಿದೆಯಿಂದ ಶುರುಮಾಡಲಿ?

ಮಾವ: ಕಾಯಿದೆಯನ್ನು ನೀನು ಕಲಿತೇ ಕಲಿಯುತ್ತೀ, ಅದು ಪುಸ್ತಕದಲ್ಲಿದೆ, ಕೇಳಿದರೆ ವಕೀಲರೂ ತೋರಿಸಿಕೊಡುತ್ತಾರೆ. ಬದಲಾಗಬೇಕಾದದ್ದು ಅಭ್ಯಾಸ. ಆಡಳಿತದ ಕಡತದಲ್ಲಿ ಟಿಪ್ಪಣಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಗುಮಾಸ್ತ ಬರೆದದ್ದನ್ನು ಮೇಲಿನವರು ನೋಡುತ್ತಾರೆ, ಅವರಿಗಿಂತ ಮೇಲಿನವರು ಒಪ್ಪಿಗೆ ಹಾಕುತ್ತಾರೆ. ಅಲ್ಲಿ ಕಾರಣ ಬರೆಯುವುದು ಸಾಹೇಬರಿಗಾಗಿ. ಹೊರಗೆ ಬಾಗಿಲಲ್ಲಿ ಕಾಯುತ್ತಿರುವವನಿಗೆ ಸಿಗುವುದು ಕೊನೆಯ ಸಾಲು ಮಾತ್ರ, ಮಂಜೂರು ಅಥವಾ ನಾಮಂಜೂರು. ತೀರ್ಪಿನ ಕುರ್ಚಿಯಲ್ಲಿ ಇದು ಪೂರಾ ತಿರುಗಿಬೀಳಬೇಕು. ಅಲ್ಲಿ ಕಾರಣ ಬರೆಯುವುದು ನಿನ್ನ ಎದುರು ಸೋತು ಹೋಗುವವನಿಗಾಗಿ. ಗೆದ್ದವನಿಗೆ ಕಾರಣದ ಹಂಗಿಲ್ಲ, ಅವನು ಕೊನೆಯ ಸಾಲು ಓದಿ ಮನೆಗೆ ಹೋಗುತ್ತಾನೆ. ಸೋತವನು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಾನೆ, ತನ್ನ ಮಾತು ಎಲ್ಲಿ ಬಿತ್ತು ಎಂದು ಹುಡುಕುತ್ತಾನೆ. ಅವನಿಗೆ ಅರ್ಥವಾಗುವಂತೆ ಕಾರಣ ಬರೆಯುವುದೇ ಅಧಿಕಾರಿಯನ್ನು ನ್ಯಾಯಾಧೀಶರನ್ನಾಗಿ ಮಾಡುವ ಕೆಲಸ. ಉಳಿದದ್ದೆಲ್ಲ, ವಿಚಾರಣೆಯ ಕ್ರಮ, ನಿಷ್ಪಕ್ಷಪಾತ, ವೇಗ ಕೂಡ, ಇದರ ಬೆನ್ನಿಗೆ ಬರುತ್ತದೆ.

ಸೊಸೆ: ಆದರೆ ನಾನು ನ್ಯಾಯಾಧೀಶೆಯೇ? ಅಮೆರಿಕದಲ್ಲಿ ಆಡಳಿತ ಕಾನೂನು ನ್ಯಾಯಾಧೀಶರೆಂಬ ಹುದ್ದೆಯೇ ಇದೆ. ನಮ್ಮಲ್ಲಿ ಆಡಳಿತ ನ್ಯಾಯಮಂಡಳಿ ಎಂದರೆ ಸರ್ಕಾರಿ ನೌಕರರ ಸೇವಾ ತಕರಾರು ಕೇಳುವ ಸಂಸ್ಥೆ. ನನ್ನದು ಅದಲ್ಲ. ನಾನು ಇಲಾಖೆಯ ಅಧಿಕಾರಿ. ಒಂದು ಕಾಯಿದೆ ಒಂದು ಅಧಿಕಾರ ಕೊಟ್ಟಿದೆ, ಅಷ್ಟೇ. ನನ್ನ ಮೇಲೆ ನ್ಯಾಯಾಲಯದ ಭಾರ ಹೊರಿಸುವುದು ಸರಿಯೇ?

ಮಾವ: ಹೆಸರನ್ನು ಬದಿಗಿಟ್ಟು ಕೆಲಸ ನೋಡು. ಅಮೆರಿಕದಲ್ಲೂ 1946ರ ಆಡಳಿತ ಕಾರ್ಯವಿಧಾನ ಕಾಯಿದೆ ಬಂದಾಗ ಅವರನ್ನು ವಿಚಾರಣಾಧಿಕಾರಿ ಎಂದೇ ಕರೆಯುತ್ತಿದ್ದರು. ನ್ಯಾಯಾಧೀಶರೆಂಬ ಹೆಸರು ಸಿಕ್ಕಿದ್ದು 1972ರಲ್ಲಿ. ನಮ್ಮಲ್ಲಿ 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 323ಎ ವಿಧಿಯನ್ನು ಸೇರಿಸಿತು, 1985ರ ಕಾಯಿದೆಯಿಂದ ಕೇಂದ್ರ ಆಡಳಿತ ನ್ಯಾಯಮಂಡಳಿ ಬಂತು, 1991ರಲ್ಲಿ ಮಹಾರಾಷ್ಟ್ರದ್ದು ಬಂತು. ಆದರೆ ಕಲ್ಯಾಣದ ಒಬ್ಬ ಸಾಮಾನ್ಯ ಮನುಷ್ಯ ಈ ದೊಡ್ಡ ಮಂಡಳಿಗಳ ಮೆಟ್ಟಿಲು ಹತ್ತುವುದು ಅಪರೂಪ. ಹೊಲದ ದಾರಿಗೆ ಯಾರಾದರೂ ಅಡ್ಡ ಹಾಕಿದರೆ ಅವನು ಹೋಗುವುದು ತಹಶೀಲ್ದಾರರ ಹತ್ತಿರ. 1906ರ ಮಾಮಲೇದಾರ ಕೋರ್ಟ್ ಕಾಯಿದೆ ಅವರನ್ನೇ ನ್ಯಾಯಾಧೀಶರನ್ನಾಗಿ ಮಾಡಿದೆ. ಮಾಹಿತಿ ಸಿಗದಿದ್ದರೆ ಎರಡನೇ ಮೇಲ್ಮನವಿ ಹೋಗುವುದು ಬೇಲಾಪುರದ ಮಾಹಿತಿ ಆಯುಕ್ತರ ಪೀಠಕ್ಕೆ. ಫ್ಲ್ಯಾಟಿನ ಕೀಲಿಕೈ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ 2017ರಿಂದ ರಿಯಲ್ ಎಸ್ಟೇಟ್ ವಿವಾದ ನೋಡುವ ಮಹಾರೇರಾ ಪ್ರಾಧಿಕಾರ ಇದೆ. ನವಿಮುಂಬಯಿಯಲ್ಲಿ ನಗರ ಕಟ್ಟಲು ಸಿಡ್ಕೋ ನಿಗಮಕ್ಕೆ ಭೂಮಿ ಕೊಟ್ಟ ಕುಟುಂಬಕ್ಕೆ 12.5 ಶೇಕಡಾ ಯೋಜನೆಯ ನಿವೇಶನ ಸಲ್ಲುತ್ತದೆಯೇ ಎಂದು ಕಾಗದ ನೋಡಿ ಹೇಳುವವರೂ ಅಧಿಕಾರಿಗಳೇ. ಬಹಳ ಮಂದಿಗೆ ಬದುಕಿನಲ್ಲಿ ಕಾಣಸಿಗುವ ನ್ಯಾಯಾಲಯ ಇಷ್ಟೇ.

ಹೆಸರಲ್ಲ, ಕೆಲಸ ನೋಡಬೇಕು ಎಂಬ ಮಾತನ್ನು ಗಟ್ಟಿಯಾಗಿ ಹೇಳಿದವರು ನಮ್ಮ ಕಾರ್ಕಳದ ಕಡೆಯವರೇ, ಕೌಡೂರಿನ ಕೆ. ಎಸ್. ಹೆಗ್ಡೆ. 1969ರ ಕ್ರೈಪಾಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠದ ಪರವಾಗಿ ತೀರ್ಪು ಬರೆದವರು ಅವರು. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಿದ ಮಂಡಳಿಯಲ್ಲಿ ಒಬ್ಬ ಸದಸ್ಯರು ಸ್ವತಃ ಅಭ್ಯರ್ಥಿ. ತನ್ನ ಹೆಸರು ಬಂದಾಗ ಎದ್ದು ಹೋದರು; ಆದರೆ ತನ್ನ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತು ಅಭಿಪ್ರಾಯ ಕೊಟ್ಟರು. ಇದು ಬರೀ ಆಡಳಿತದ ಆಯ್ಕೆ, ನ್ಯಾಯದಾನವಲ್ಲ ಎಂಬುದು ಸರ್ಕಾರದ ವಾದ. ಕೋರ್ಟ್ ಒಪ್ಪಲಿಲ್ಲ, ಆಯ್ಕೆಯನ್ನೇ ರದ್ದು ಮಾಡಿತು. ಆಡಳಿತ ಮತ್ತು ಅರೆನ್ಯಾಯಿಕ ಕೆಲಸಗಳ ನಡುವಿನ ಗೆರೆ ತೆಳುವಾಗುತ್ತ ಅಳಿಸಿಹೋಗುತ್ತಿದೆ, ಎರಡರಲ್ಲೂ ಅನ್ಯಾಯವಾಗಬಾರದೆಂಬುದೇ ಗುರಿಯಾದ ಮೇಲೆ ಸಹಜ ನ್ಯಾಯದ ನಿಯಮ ಎರಡಕ್ಕೂ ಸಲ್ಲಬೇಕು ಎಂಬುದು ಆ ತೀರ್ಪಿನ ಸಾರ. ಹುದ್ದೆಯ ಹೆಸರು ನೋಡಿ ಭಾರ ಕಡಿಮೆ ಮಾಡಿಕೊಳ್ಳುವ ದಾರಿ ಅಂದೇ ಮುಚ್ಚಿತು.

ಸೊಸೆ: ಒಪ್ಪಿದೆ. ಆದರೆ ನನ್ನ ಕಾಯಿದೆ ಬಯಸುವುದು ಚುಟುಕು ವಿಚಾರಣೆ. ಅರ್ಜಿ ಬಂದು ಆರು ತಿಂಗಳೊಳಗೆ ಮುಗಿಸಬೇಕು. ಜೊತೆಗೆ ಇಲಾಖೆಯ ಉಳಿದ ಕೆಲಸವೂ ನನ್ನ ತಲೆಯ ಮೇಲೇ ಇದೆ: ಸೊಸೈಟಿಗಳ ನೋಂದಣಿ, ಆಡಿಟ್, ದೂರು. ಬೋರ್ಡಿನಲ್ಲಿ ದಿನಕ್ಕೆ ಹತ್ತಿಪ್ಪತ್ತು ಪ್ರಕರಣ ಇದ್ದರೆ ಒಂದೊಂದಕ್ಕೂ ಪುಟಗಟ್ಟಲೆ ಕಾರಣ ಬರೆಯುತ್ತ ಕೂತರೆ ಹಿಂದಿನ ಅರ್ಜಿದಾರರು ಕಾಯಬೇಕಾಗುತ್ತದೆ. ತಡವಾಗಿ ಬಂದ ಒಳ್ಳೆಯ ಆದೇಶಕ್ಕಿಂತ ಬೇಗ ಬಂದ ಸಾಧಾರಣ ಆದೇಶ ಅವರಿಗೆ ಉಪಕಾರಿಯಲ್ಲವೇ?

ಮಾವ: ಕಾರಣ ಎಂದರೆ ಪುಟಗಟ್ಟಲೆ ಎಂದು ಯಾರು ಹೇಳಿದರು? 1990ರ ಎಸ್. ಎನ್. ಮುಖರ್ಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ. ಅಧಿಕಾರಿಯ ಆದೇಶ ಕೋರ್ಟಿನ ತೀರ್ಪಿನಷ್ಟು ವಿಸ್ತಾರವಾಗಬೇಕಿಲ್ಲ. ವಿವಾದದ ಅಂಶಕ್ಕೆ ಮನಸ್ಸು ಕೊಟ್ಟದ್ದು ಸ್ಪಷ್ಟವಾಗಿ ಕಂಡರೆ ಸಾಕು. ಒಂದು ಕಡತ ಕಲ್ಪಿಸಿಕೋ. ಡೊಂಬಿವಲಿ ಪೂರ್ವದಲ್ಲಿ 4,000 ಚದರ ಮೀಟರ್ ಜಾಗ. ಮಂಜೂರಾದ ನಕ್ಷೆಯಲ್ಲಿ ನಾಲ್ಕು ಕಟ್ಟಡ, ಒಟ್ಟು ನಿರ್ಮಾಣ 4,800 ಚದರ ಮೀಟರ್. ಮೂರು ಕಟ್ಟಡ ಎದ್ದಿವೆ, ನಾಲ್ಕನೆಯದು ಇಲ್ಲ. ಮೊದಲ ಕಟ್ಟಡದ ಸೊಸೈಟಿ, ಅದರ ನಿರ್ಮಾಣ 1,200 ಚದರ ಮೀಟರ್, ನಿನ್ನ ಮುಂದೆ ಅರ್ಜಿ ಹಾಕಿದೆ. ನೋಂದಣಿ ಪತ್ರ, ಸಾತ್‌ಬಾರಾ ಉತಾರೆ, ಫ್ಲ್ಯಾಟಿನವರ ಕರಾರುಗಳು, ಇಂಡೆಕ್ಸ್ ಟೂ, ಆರ್ಕಿಟೆಕ್ಟರ ಪ್ರಮಾಣಪತ್ರ ಎಲ್ಲ ಇವೆ. ಬಿಲ್ಡರನ ಆಕ್ಷೇಪ ಎರಡು: ನಾಲ್ಕನೇ ಕಟ್ಟಡ ಮುಗಿಯುವವರೆಗೆ ಬರೆದುಕೊಡಬೇಕಾಗಿಲ್ಲ, ಬಳಕೆಯಾಗದ ಎಫ್‌ಎಸ್‌ಐ, ಅಂದರೆ ಆ ಜಾಗದಲ್ಲಿ ಇನ್ನೂ ಕಟ್ಟಬಹುದಾದ ನಿರ್ಮಾಣದ ಹಕ್ಕು, ತನ್ನದು.

ಈಗ ಒಂದು ಬಗೆಯ ಆದೇಶ ಹೀಗಿರುತ್ತದೆ: ಉಭಯ ಪಕ್ಷಗಳ ವಾದ ಕೇಳಲಾಯಿತು, ದಾಖಲೆ ಪರಿಶೀಲಿಸಲಾಯಿತು, ಎದುರುದಾರರ ಆಕ್ಷೇಪದಲ್ಲಿ ಹುರುಳಿಲ್ಲ, ಅರ್ಜಿ ಮಂಜೂರು. ಇದನ್ನು ಯಾವ ಕಡತಕ್ಕೆ ಬೇಕಾದರೂ ಅಂಟಿಸಬಹುದು. ಇನ್ನೊಂದು ಬಗೆ ಇದು: ಕರಾರಿನ ಇಂಥ ಕಲಮಿನಲ್ಲಿ ಪೂರ್ಣ ಯೋಜನೆ ಮುಗಿಯುವ ತಾರೀಕು ಬರೆದಿದೆ, ಆ ತಾರೀಕು ಮೀರಿದೆ, ಆದ್ದರಿಂದ ಮೊದಲ ಆಕ್ಷೇಪ ನಿಲ್ಲುವುದಿಲ್ಲ, ಮಂಜೂರಾದ ಒಟ್ಟು ನಿರ್ಮಾಣದಲ್ಲಿ ಈ ಕಟ್ಟಡದ ಪಾಲು ನಾಲ್ಕನೇ ಒಂದು, ಹಾಗಾಗಿ ಸೊಸೈಟಿಗೆ 1,000 ಚದರ ಮೀಟರಿನಷ್ಟು ಅವಿಭಕ್ತ ಪಾಲು ಸಲ್ಲುತ್ತದೆ, ಇಡೀ 4,000 ಅಲ್ಲ, ಬಳಕೆಯಾಗದ ಎಫ್‌ಎಸ್‌ಐ ಯಾರದೆಂಬ ಹಕ್ಕಿನ ಪ್ರಶ್ನೆ ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟ್ ತೆರೆದಿದೆ. ಎಲ್ಲ ಸೇರಿ ಒಂದೂವರೆ ಪುಟ. ಬಿಲ್ಡರ್ ಸೋತರೂ ಎಲ್ಲಿ ಸೋತೆ, ಎಲ್ಲಿ ಇನ್ನೂ ದಾರಿ ಇದೆ ಎಂದು ತಿಳಿದುಕೊಂಡು ಹೋಗುತ್ತಾನೆ. ಸೊಸೈಟಿ ಗೆದ್ದರೂ ಕೇಳಿದ್ದಷ್ಟೂ ಯಾಕೆ ಸಿಗಲಿಲ್ಲ ಎಂದು ತಿಳಿಯುತ್ತದೆ. ಈ ಎರಡನೆಯ ಆದೇಶಕ್ಕೆ ಹೆಚ್ಚು ಹೊತ್ತು ಹಿಡಿಯುವುದು ಬರೆಯುವುದರಲ್ಲಲ್ಲ, ಕರಾರು ಓದಿ ಪಾಲು ಲೆಕ್ಕ ಹಾಕುವುದರಲ್ಲಿ. ಆ ಕೆಲಸವನ್ನು ಬಿಟ್ಟು ಉಳಿಸಿದ ಸಮಯ ನಿನ್ನದಲ್ಲ, ಅದು ಅರ್ಜಿದಾರರದ್ದು.

ಸೊಸೆ: ಕೆಲವು ಪ್ರಕರಣಗಳಲ್ಲಿ ಸಂಗತಿ ಹಗಲಿನಷ್ಟು ಸ್ಪಷ್ಟವಾಗಿರುತ್ತದಲ್ಲ? ಕಟ್ಟಡ ಅಕ್ರಮ, ಕಾಗದ ಸುಳ್ಳು ಎಂದು ಗೊತ್ತಾದ ಮೇಲೆ ಕೇಳುವುದೇನು, ಬರೆಯುವುದೇನು? ಫಲ ಬದಲಾಗುವುದಿಲ್ಲ ಎಂದಾದರೆ ವಿಚಾರಣೆ ಬರೀ ಶಾಸ್ತ್ರವಾಗುವುದಿಲ್ಲವೇ?

ಮಾವ: ಇದೇ ವಾದವನ್ನು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ವಿರುದ್ಧ ಮುಂದಿಟ್ಟಿದ್ದರು. 1985ರ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠ ಪಾದಚಾರಿ ಮಾರ್ಗದಲ್ಲಿ ಗುಡಿಸಲು ಹಾಕುವ ಹಕ್ಕು ಇದೆ ಎಂದು ಹೇಳಲಿಲ್ಲ. ತೆರವು ಮಾಡಬಹುದು ಎಂದೇ ಹೇಳಿತು. ಆದರೂ ಕೇಳಿ ಪ್ರಯೋಜನವಿಲ್ಲ ಎಂದು ಅಧಿಕಾರಿ ಮೊದಲೇ ಊಹಿಸಿಕೊಳ್ಳುವುದನ್ನು ಒಪ್ಪಲಿಲ್ಲ. ಫಲ ಬದಲಾದರೂ ಆಗದಿದ್ದರೂ, ತನ್ನ ಬದುಕಿನ ಬಗ್ಗೆ ತೀರ್ಮಾನ ಮಾಡುವವರು ತನ್ನ ಮಾತು ಕೇಳಿದರು ಎಂಬುದಕ್ಕೆ ಅದರದೇ ಆದ ಬೆಲೆಯಿದೆ. ಇದು ಒಂದು ಮುಖ. ಇನ್ನೊಂದು ಮುಖ ನಮ್ಮ ಊರಿನದು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕಲ್ಯಾಣ್-ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯ 65 ಕಟ್ಟಡಗಳನ್ನು ಕೆಡವಲು ಆದೇಶಿಸಿತು. ನಿರ್ಮಾಣ ಪರವಾನಗಿಗಳೇ ಖೋಟಾ. ಆ ಖೋಟಾ ಕಾಗದ ತೋರಿಸಿ ರೇರಾ ನೋಂದಣಿ ಸಂಖ್ಯೆಯನ್ನೂ ಪಡೆದಿದ್ದರು. ಆ ನೋಂದಣಿ ಸಂಖ್ಯೆಯನ್ನು ನಂಬಿ ಹಣ ಹಾಕಿದ ಸಂಸಾರಗಳಿಗೆ ಎಷ್ಟು ನಷ್ಟವಾಯಿತೆಂದು ಡೊಂಬಿವಲಿಯಲ್ಲಿ ಕೂತು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ನಿನ್ನಂಥವರಿಗೆ ಇರುವ ಪಾಠ ಇದು: ಸ್ಪಷ್ಟವಾಗಿ ಕಾಣುವ ಕಾಗದವೇ ಅಪಾಯದ್ದು. ದಾಖಲೆ ಪರಿಶೀಲಿಸಲಾಯಿತು ಎಂಬ ಸಾಲನ್ನು ಕಾಗದ ತಿರುವಿ ನೋಡದೆಯೂ ಬರೆಯಬಹುದು. ಈ ಪರವಾನಗಿಯನ್ನು ನೀವೇ ಕೊಟ್ಟಿದ್ದೀರಾ ಎಂದು ಪಾಲಿಕೆಗೆ ಇಂಥ ದಿನ ಪತ್ರ ಬರೆದು ಕೇಳಿದೆ, ಇಂಥ ದಿನ ಹೌದೆಂದು ಉತ್ತರ ಬಂದಿದೆ ಎಂಬ ಸಾಲನ್ನು ಪತ್ರ ಬರೆಯದೆ ಬರೆಯಲಾಗದು. ಕಾರಣ ಬರೆಯುವ ಕಟ್ಟುಪಾಡು ಕಣ್ಣನ್ನು ಕಾಗದದ ಮೇಲೆ ಇರಿಸುತ್ತದೆ.

ಸೊಸೆ: ಮೊದಲ ದಿನವೇ ಎದುರಾಗುವ ಒಂದು ಕಷ್ಟವಿದೆ. ಹಿಂದಿನ ಅಧಿಕಾರಿ ವಾದ ಕೇಳಿ ಮುಗಿಸಿ, ಆದೇಶಕ್ಕಾಗಿ ಕಾದಿರಿಸಿದ ಕಡತಗಳು. ರೋಜನಾಮೆಯಲ್ಲಿ ವಾದ ಮುಗಿಯಿತು ಎಂದು ಬರೆದಿದೆ, ಲಿಖಿತ ವಾದವೂ ಇದೆ. ನಾನು ಓದಿ ಆದೇಶ ಹೊರಡಿಸಿದರೆ ಜನರಿಗೆ ಒಂದು ತಾರೀಕು ಉಳಿಯುತ್ತದೆ. ಮರುವಿಚಾರಣೆ ಎಂದರೆ ಸೊಸೈಟಿಯ ಹಿರಿಯರು ರಜೆ ಹಾಕಿ, ಲೋಕಲ್ ಹಿಡಿದು ಮತ್ತೆ ಥಾಣೆಗೆ ಬರಬೇಕು.

ಮಾವ: ಕೇಳಿದವರೇ ತೀರ್ಮಾನಿಸಬೇಕು. 1959ರ ಗುಲ್ಲಪಲ್ಲಿ ನಾಗೇಶ್ವರ ರಾವ್ ಮೊಕದ್ದಮೆ ಆಂಧ್ರದಲ್ಲಿ ಬಸ್ ಮಾರ್ಗಗಳನ್ನು ಸರ್ಕಾರ ವಹಿಸಿಕೊಂಡದ್ದರ ಬಗ್ಗೆ. ಆಕ್ಷೇಪ ಕೇಳಿದ್ದು ಇಲಾಖೆಯ ಕಾರ್ಯದರ್ಶಿ, ತೀರ್ಮಾನಿಸಿದ್ದು ಮುಖ್ಯಮಂತ್ರಿ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ಆ ವಿಚಾರಣೆ ಪೊಳ್ಳು ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಾಕೆಂದರೆ ಎದುರು ನಿಂತವನಿಗೆ ಪ್ರಶ್ನೆ ಕೇಳಿ ಸಂಶಯ ತೀರಿಸಿಕೊಳ್ಳುವ ಅವಕಾಶ ಕಾಗದಕ್ಕೆ ಇಲ್ಲ, ನಿನ್ನ ಮನಸ್ಸಿನಲ್ಲಿ ಏಳುವ ಸಂಶಯಕ್ಕೆ ಉತ್ತರ ಕೊಡುವ ಅವಕಾಶ ಅವನಿಗೂ ಇಲ್ಲ. ಜನರಿಗೆ ತೊಂದರೆಯಾಗುತ್ತದೆ ಎಂಬ ನಿನ್ನ ಮಾತು ನಿಜ. ಅದಕ್ಕೆ ಪರಿಹಾರ ವಿಚಾರಣೆ ಬಿಡುವುದಲ್ಲ, ಚಿಕ್ಕದು ಮಾಡುವುದು. ಕಡತ ಓದಿಟ್ಟುಕೋ, ನಿನಗೆ ಸ್ಪಷ್ಟವಾಗದ ಅಂಶಗಳನ್ನು ನೋಟಿಸಿನಲ್ಲೇ ಬರೆದು ಕಳಿಸು, ದಿನ ನಿಗದಿ ಮಾಡಿ ಹೊತ್ತನ್ನೂ ತಿಳಿಸು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಾಗೆಯೇ, ಗುಮಾಸ್ತರು ಬರೆದಿಟ್ಟ ಕರಡಿಗೆ ಸಹಿ ಹಾಕುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಸೊಸೆ: ನನ್ನ ಕಾರಣ ತಪ್ಪಾದರೆ ತಿದ್ದಲು ಹೈಕೋರ್ಟ್ ಇದೆ. ಎಲ್ಲ ಭಾರವನ್ನೂ ಮೊದಲ ಮೆಟ್ಟಿಲಿನ ಮೇಲೇ ಹಾಕುವುದೇಕೆ?

ಮಾವ: ಮೇಲಿನ ಮೆಟ್ಟಿಲು ಎಷ್ಟು ಎತ್ತರ ಎಂದು ನೋಡು. ಮೋಫಾದ ನಿನ್ನ ಆದೇಶಕ್ಕೆ ಆ ಕಾಯಿದೆಯಲ್ಲಿ ಮೇಲ್ಮನವಿಯಿಲ್ಲ. ರಿಟ್ ಅರ್ಜಿಯೇ ಗತಿ. ಅಲ್ಲೂ ಹಕ್ಕಿನ ಪ್ರಶ್ನೆಗೆ ಸಿವಿಲ್ ದಾವೆಯ ದಾರಿ ಇರುವುದರಿಂದ, ಆದೇಶ ಎದ್ದು ಕಾಣುವಷ್ಟು ಕಾನೂನುಬಾಹಿರವಾಗಿದ್ದರೆ ಮಾತ್ರ ಹೈಕೋರ್ಟ್ ಕೈಹಾಕಬೇಕು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಹೆಚ್ಚಿನವರಿಗೆ ನಿನ್ನ ಆದೇಶವೇ ಕೊನೆಯದು. ಇನ್ನು ಕಾರಣವಿಲ್ಲದ ಆದೇಶವನ್ನು ಮೇಲಿನವರು ಎತ್ತಿಹಿಡಿಯಲೂ ಆಗುವುದಿಲ್ಲ. 1977ರ ಕೊನೆಯಲ್ಲಿ ಬಂದ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನ ಪ್ರಕಾರ ಆದೇಶ ತನ್ನಲ್ಲಿ ಬರೆದಿರುವ ಕಾರಣದ ಮೇಲೆಯೇ ನಿಲ್ಲಬೇಕು. ಆಮೇಲೆ ಅಫಿಡವಿಟ್ ಹಾಕಿ ಹೊಸ ಕಾರಣ ಕಟ್ಟುವಂತಿಲ್ಲ. ಆಗ ಉಳಿಯುವ ದಾರಿ ಮರುವಿಚಾರಣೆ, ವರ್ಷಗಟ್ಟಲೆ ಹಿಂದಕ್ಕೆ.

ಇದರ ಬೆಲೆ ಏನೆಂದು ಕರಾವಳಿಯವರಿಗೆ ಗೊತ್ತಿರಬೇಕು. 1974ರ ತಿದ್ದುಪಡಿಯ ನಂತರ ಕರ್ನಾಟಕದ ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಒಕ್ಕಲುಗಳು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟರು. ಚಾಲಗೇಣಿಯವರು ಭೂಮಿಯ ಒಡೆಯರಾದರು. ದೇಶದಲ್ಲೇ ಹೆಸರಾದ ಸುಧಾರಣೆ ಅದು, ಅದರ ಹಿರಿಮೆಯನ್ನು ನಾನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ವಕೀಲರ ಖರ್ಚು ಬಡವನಿಗೆ ಬೇಡವೆಂದು ಆ ಮಂಡಳಿಗಳ ಮುಂದೆ ವಕೀಲರನ್ನೇ ನಿಷೇಧಿಸಿದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಸುಧಾರಣೆಯನ್ನು ಎತ್ತಿಹಿಡಿದು ಆ ನಿಷೇಧವನ್ನು ಮಾತ್ರ ಹೊಡೆದುಹಾಕಿತು. ವಕೀಲರಿಲ್ಲದ ವಿಚಾರಣೆಯಲ್ಲಿ ಎಲ್ಲ ಹೊಣೆ ಮಂಡಳಿಯ ಮೇಲೆಯೇ. ಯಾರು ಉಳುತ್ತಿದ್ದರು, ಗೇಣಿ ರಶೀದಿ ಏನು ಹೇಳುತ್ತದೆ, ಪಹಣಿಯಲ್ಲಿ ಏನಿದೆ ಎಂದು ಬಿಡಿಸಿ ಬರೆದ ಆದೇಶಗಳು ಉಳಿದವು. ಸಾಕ್ಷ್ಯವನ್ನು ತೂಗದೆ ಎರಡು ಸಾಲಿನಲ್ಲಿ ಮುಗಿಸಿದ ಆದೇಶಗಳು ಹೈಕೋರ್ಟಿನಿಂದ ಮರಳಿ ಬಂದವು, ಒಕ್ಕಲಿನ ಕೈಗೆ ಸಿಕ್ಕಿದ ಭೂಮಿ ಮತ್ತೆ ತೂಗುಯ್ಯಾಲೆಗೆ ಬಿತ್ತು. ನ್ಯಾಯವಾದ ಫಲಕ್ಕೂ ಬರೆದ ಕಾರಣದ ಕಾವಲು ಬೇಕು. ಬಡವನ ಪರವಾಗಿ ತೀರ್ಪು ಕೊಟ್ಟೆ ಎಂಬ ತೃಪ್ತಿ ಸಾಲದು, ಆ ತೀರ್ಪು ಅವನ ಮಕ್ಕಳ ಕಾಲಕ್ಕೂ ನಿಲ್ಲುವಂತೆ ಬರೆಯಬೇಕು.

ಸೊಸೆ: ಹಾಗಾದರೆ ಈ ಕೆಲಸವನ್ನು ಕಾನೂನು ಓದಿದವರಿಗೇ ಕೊಡಬೇಕಲ್ಲವೇ? ರೇರಾದಲ್ಲಿ ಪರಿಹಾರದ ಮೊತ್ತ ನಿರ್ಧರಿಸುವ ಅಧಿಕಾರಿ ಜಿಲ್ಲಾ ನ್ಯಾಯಾಧೀಶರಾಗಿರಬೇಕು ಅಥವಾ ಆಗಿದ್ದವರಿರಬೇಕು ಎಂದು ಕಾಯಿದೆಯೇ ಹೇಳುತ್ತದೆ. ನಮ್ಮಂಥವರನ್ನು ಕೂರಿಸುವುದೇ ತಪ್ಪೇನೋ.

ಮಾವ: ಈ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟೇ ಎರಡು ಕಡೆ ನಿಂತಿದೆ. 2012ರ ನಮಿತ್ ಶರ್ಮಾ ತೀರ್ಪಿನಲ್ಲಿ ಮಾಹಿತಿ ಆಯೋಗದ ಪೀಠದಲ್ಲಿ ನ್ಯಾಯಾಂಗದ ಸದಸ್ಯರಿರಲೇಬೇಕು ಎಂದಿತು. ಮುಂದಿನ ವರ್ಷ ಪುನರ್ವಿಮರ್ಶೆಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ನನಗೆ ಕಾಣುವುದು ಇಷ್ಟು. ದೊಡ್ಡ ಮೊತ್ತದ, ಜಟಿಲ ಕಾನೂನಿನ ವಿವಾದಕ್ಕೆ ನ್ಯಾಯಾಧೀಶರೇ ಬೇಕು. ಆದರೆ ಸೊಸೈಟಿಯ ಲೆಕ್ಕ, ನಕ್ಷೆ, ಉತಾರೆಗಳಲ್ಲಿ ಪಳಗಿದ ನಿನಗೆ ಸಂಗತಿ ಬೇಗ ಹೊಳೆಯುತ್ತದೆ, ಅದು ಸಣ್ಣ ಯೋಗ್ಯತೆಯಲ್ಲ. ಅಪಾಯವೂ ಅಲ್ಲೇ ಇದೆ. ಹೊಳೆದದ್ದು ಆದೇಶದಲ್ಲಿ ಬಾರದೆ ನಿನ್ನ ತಲೆಯಲ್ಲೇ ಉಳಿದರೆ ಎದುರಿನವನು ಅದಕ್ಕೆ ಉತ್ತರ ಕೊಡುವುದು ಹೇಗೆ? ನಿನ್ನ ಅನುಭವ ಹೇಳುವುದನ್ನು ವಿಚಾರಣೆಯಲ್ಲೇ ಅವನ ಮುಂದಿಡು, ಅವನ ಉತ್ತರ ಕೇಳು, ಎರಡನ್ನೂ ಬರೆ. ಆಗ ಪರಿಣತಿ ನ್ಯಾಯಕ್ಕೆ ಬಲವಾಗುತ್ತದೆ.

ಸೊಸೆ: ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಈಗ ಕೇಳುತ್ತೇನೆ. ಅಮೆರಿಕದ ಆ 1946ರ ಕಾಯಿದೆ ತೀರ್ಪು ಕೊಡುವವರನ್ನು ತನಿಖೆ ಮಾಡುವವರ ಅಧೀನದಲ್ಲಿ ಇಡುವುದಿಲ್ಲ. ನನ್ನ ಗೋಪ್ಯ ವರದಿ ಬರೆಯುವುದು ನನ್ನದೇ ಇಲಾಖೆ, ಬದಲಿ ಮಾಡುವುದೂ ಅದೇ. ಬಲಿಷ್ಠ ಬಿಲ್ಡರ್ ಒಬ್ಬರ ಪರ ಮೇಲಿನಿಂದ ಫೋನ್ ಬಂದರೆ ನನ್ನ ಒಂದೂವರೆ ಪುಟದ ಕಾರಣ ನನ್ನನ್ನು ಕಾಯುತ್ತದೆಯೇ? ಇನ್ನೊಂದು ಮಾತು. ತೀರ್ಮಾನ ಮೊದಲೇ ಮಾಡಿ ಕಾರಣವನ್ನು ಆಮೇಲೆ ಹೊಂದಿಸುವುದೂ ಸುಲಭ. ಕಂಪ್ಯೂಟರಿನಲ್ಲಿ ಹಳೆಯ ಆದೇಶದ ಪ್ಯಾರಾಗಳನ್ನು ಎತ್ತಿ ಹಾಕಿದರೆ ನೋಡುವುದಕ್ಕೆ ಸಕಾರಣ ಆದೇಶದಂತೆಯೇ ಇರುತ್ತದೆ. ಹಾಗಿರುವಾಗ ಕಾರಣದ ಮೇಲೆ ಇಷ್ಟು ಭರವಸೆ ಇಡಬಹುದೇ?

ಮಾವ: ನಿನ್ನ ಮೊದಲ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಇದ್ದಂತೆ ನಟಿಸುವುದೂ ಇಲ್ಲ. ಕ್ರೈಪಾಕ್ ತೀರ್ಪು ಬರೆದ ಹೆಗ್ಡೆಯವರನ್ನೇ 1973ರಲ್ಲಿ ಶೆಲತ್ ಮತ್ತು ಗ್ರೋವರ್ ಅವರೊಡನೆ ಹಿಂದೆ ಹಾಕಿ, ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೇ ಹೀಗಾದಾಗ ಜಿಲ್ಲೆಯ ಅಧಿಕಾರಿಗೆ ಭಯ ಬೇಡ ಎನ್ನುವುದು ಸುಳ್ಳು ಧೈರ್ಯ. ಕಾರಣ ನಿನ್ನ ಕುರ್ಚಿಯನ್ನು ಕಾಯದಿರಬಹುದು. ಆದರೆ ಅದು ಒತ್ತಡದ ಬೆಲೆ ಏರಿಸುತ್ತದೆ. ಕಾರಣ ಬರೆಯುವ ಕಟ್ಟುಪಾಡಿರುವಲ್ಲಿ, ಫೋನ್ ಮಾಡಿದವರು ಕೇಳುವ ಫಲಕ್ಕೆ ಕಡತದಲ್ಲಿ ಆಧಾರ ಸಿಗದಿದ್ದರೆ, ಬರೆಯಲಾಗದು ಎಂದು ನೀನು ಹೇಳಬಹುದು. ಅದು ಹಟದ ಮಾತಾಗುವುದಿಲ್ಲ, ನಿಯಮದ ಮಾತಾಗುತ್ತದೆ. ಬದಲಿಗೂ ಕಟ್ಟುಪಾಡಿದೆ. 2005ರ ಬದಲಿ ಕಾಯಿದೆಯ ಪ್ರಕಾರ ಸಾಮಾನ್ಯ ಅವಧಿ ಮೂರು ವರ್ಷ; ಮುಂಚೆ ಎತ್ತಬೇಕಾದರೆ ಲಿಖಿತ ಕಾರಣ ಬೇಕು. ಅದಿಲ್ಲದಿದ್ದರೆ ನೀನು ಹೋಗುವುದು ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿಗೆ, ಅಲ್ಲಿ ನೀನು ಕೇಳುವ ಮೊದಲ ಪ್ರಶ್ನೆ, ನನ್ನನ್ನು ಯಾಕೆ ಬದಲಿಸಿದಿರಿ ಎಂಬುದು. ನಿನಗಾಗಿ ಬಯಸುವ ಕಾರಣವನ್ನು ನಿನ್ನ ಮುಂದೆ ನಿಂತವರಿಗೆ ನಿರಾಕರಿಸುವುದು ಹೇಗೆ? ಉಳಿದದ್ದು ಸರ್ಕಾರದ ಹೊಣೆ. 2021ರ ನ್ಯಾಯಮಂಡಳಿ ಸುಧಾರಣಾ ಕಾಯಿದೆಯ ನೇಮಕ, ಅವಧಿಗಳ ಕಲಮುಗಳನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್ 19ರಂದು ಹೊಡೆದುಹಾಕಿ, ರಾಷ್ಟ್ರೀಯ ನ್ಯಾಯಮಂಡಳಿ ಆಯೋಗ ರಚಿಸುವಂತೆ ಹೇಳಿದೆ. ಆ ಕಾಳಜಿ ಜಿಲ್ಲೆಯ ಅಧಿಕಾರಿಗಳ ಮಟ್ಟಕ್ಕೂ ಇಳಿಯಬೇಕು.

ಎರಡನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಹೌದು, ಕಾರಣವನ್ನು ನಟಿಸಬಹುದು. 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪಿನಲ್ಲಿ ರಬ್ಬರ್ ಸ್ಟಾಂಪಿನಂಥ ಕಾರಣ ಕಾರಣವೇ ಅಲ್ಲ ಎಂದು ಕೋರ್ಟ್ ಎಚ್ಚರಿಸಬೇಕಾಗಿ ಬಂದದ್ದೂ ಅದಕ್ಕೇ. ಆದರೆ ನಟನೆಯನ್ನು ಹಿಡಿಯಬಹುದು, ಮೌನವನ್ನು ಹಿಡಿಯಲಾಗದು. ಎತ್ತಿಹಾಕಿದ ಪ್ಯಾರಾದಲ್ಲಿ ಈ ಕಡತದ ಕರಾರಿನ ಕಲಮು ಇರುವುದಿಲ್ಲ, ಈ ನಕ್ಷೆಯ ಅಳತೆ ಇರುವುದಿಲ್ಲ. ನಿನಗೆ ನೀನೇ ಇಟ್ಟುಕೊಳ್ಳಬಹುದಾದ ಪರೀಕ್ಷೆ ಒಂದಿದೆ. ಆದೇಶ ಬರೆಯುವ ಮೊದಲು ಸೋಲುವ ಪಕ್ಷದ ಅತ್ಯಂತ ಬಲವಾದ ವಾದವನ್ನು, ಅವರೇ ಓದಿದರೂ ಇದು ನಮ್ಮದೇ ಮಾತು ಎನ್ನುವಂತೆ ಬರೆ. ಆಮೇಲೆ ಅದು ಯಾಕೆ ನಿಲ್ಲುವುದಿಲ್ಲ ಎಂದು ಬರೆ. ಎರಡನೆಯದು ಬರೆಯಲು ಬಾರದಿದ್ದರೆ ದೋಷ ನಿನ್ನ ಬರವಣಿಗೆಯದಲ್ಲ, ತೀರ್ಮಾನದ್ದು. ತೀರ್ಮಾನ ಬದಲಿಸು.

ಸೊಸೆ: ಬರೆಯುವುದು ಮರಾಠಿಯಲ್ಲಿ. ಇಲ್ಲಿಯ ಸೊಸೈಟಿಗಳಲ್ಲಿ ಮರಾಠಿಯವರ ಜೊತೆ ಗುಜರಾತಿ, ತಮಿಳು, ನಮ್ಮ ತುಳು-ಕನ್ನಡದವರೂ ಇದ್ದಾರೆ. ಹಳಬರು ಮಾತಾಡುತ್ತಾರೆ, ಕಚೇರಿಯ ಮರಾಠಿ ಓದಲು ತಿಣುಕುತ್ತಾರೆ. ಅವರಿಗೆ ಅರ್ಥವಾಗುವಂತೆ ಎಂದರೆ?

ಮಾವ: ರಾಜ್ಯದ ಆಡಳಿತ ಭಾಷೆ ಮರಾಠಿ, ಆದೇಶ ಅದರಲ್ಲೇ ಇರಲಿ. ಸರಳ ಮರಾಠಿಯಲ್ಲಿ, ಚಿಕ್ಕ ವಾಕ್ಯದಲ್ಲಿ ಇರಲಿ. ವಿಚಾರಣೆಯ ಕೊನೆಗೆ ವಿವಾದದ ಅಂಶಗಳನ್ನು ಬಾಯಿಮಾತಿನಲ್ಲಿ ಹೇಳಿ, ಬೇರೇನಾದರೂ ಹೇಳುವುದಿದೆಯೇ ಎಂದು ಎರಡೂ ಕಡೆಯವರನ್ನು ಕೇಳು. ಅರ್ಥವಾಗದವನ ಮುಖದಲ್ಲೇ ಅದು ಗೊತ್ತಾಗುತ್ತದೆ.

ಸೊಸೆ: ಹಾಗಾದರೆ ಇದನ್ನೆಲ್ಲ ಅಧಿಕಾರಿಯ ಒಳ್ಳೆಯತನಕ್ಕೆ ಬಿಡುವುದೇ? ನಾನು ಬರೆಯುತ್ತೇನೆ ಎಂದಿಟ್ಟುಕೊಳ್ಳಿ. ನನ್ನ ನಂತರ ಬರುವವರು ಬರೆಯದಿದ್ದರೆ?

ಮಾವ: ಒಳ್ಳೆಯತನಕ್ಕೆ ಬಿಡಬೇಕಾಗಿಲ್ಲ, ಕಾನೂನು ಆಗಲೇ ಇದೆ. ಬ್ರಿಟನ್ನಿನಲ್ಲಿ 1957ರ ಫ್ರಾಂಕ್ಸ್ ಸಮಿತಿ ನ್ಯಾಯಮಂಡಳಿಗಳಿಗೆ ಮುಕ್ತತೆ, ನ್ಯಾಯಸಮ್ಮತ ನಡೆ, ನಿಷ್ಪಕ್ಷಪಾತ ಎಂಬ ಮೂರು ಅಳತೆಗೋಲು ಕೊಟ್ಟಿತು; ಮರುವರ್ಷದ ಕಾಯಿದೆ, ಕೇಳಿದರೆ ಕಾರಣ ಕೊಡಲೇಬೇಕು ಎಂದಿತು. ನಮ್ಮ 2005ರ ಮಾಹಿತಿ ಹಕ್ಕು ಕಾಯಿದೆ ಅದಕ್ಕಿಂತ ಮುಂದೆ ಹೋಗಿದೆ. ಅದರ 4(1)(ಡಿ) ಕಲಮಿನ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ಮತ್ತು ಅರೆನ್ಯಾಯಿಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ಕೊಡಬೇಕು. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಈ ಕಲಮನ್ನು ಬಳಸುವವರೇ ಕಡಿಮೆ. ಡೊಂಬಿವಲಿಯ ಸೊಸೈಟಿಗಳು, ನಮ್ಮ ಕನ್ನಡ ಸಂಘಗಳು ಇದನ್ನು ತಿಳಿದುಕೊಂಡು, ಕಾರಣವಿಲ್ಲದ ಆದೇಶ ಕೈಗೆ ಬಂದ ದಿನವೇ ಲಿಖಿತವಾಗಿ ಕಾರಣ ಕೇಳಬೇಕು. ಮಹಾರೇರಾ ತನ್ನ ಆದೇಶಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಜಿಲ್ಲೆಯ ಸಕ್ಷಮ ಪ್ರಾಧಿಕಾರ, ತಹಶೀಲ್ದಾರ, ಪ್ರಾಂತಾಧಿಕಾರಿಗಳ ಆದೇಶಗಳೂ ಹಾಗೆ ಎಲ್ಲರೂ ಓದುವಂತಾಗಲಿ. ಒಂದೇ ಬಗೆಯ ಎರಡು ಕಡತಗಳಿಗೆ ಎರಡು ಬಗೆಯ ಉತ್ತರ ಬಂದರೆ ಆಗ ಊರಿಗೇ ಕಾಣುತ್ತದೆ. ತೀರ್ಪಿನ ಕೆಲಸ ಕೊಟ್ಟ ಅಧಿಕಾರಿಗೆ ಸರ್ಕಾರ ನಿಶ್ಚಿತ ಅವಧಿ, ಒಬ್ಬ ಸ್ಟೆನೋ, ಕುರ್ಚಿಗೆ ಬರುವ ಮೊದಲು ಆದೇಶ ಬರೆಯುವ ತರಬೇತಿ ಇಷ್ಟನ್ನು ಕೊಡಬೇಕು. ಇವು ಕೇಳಿದರೆ ದೊಡ್ಡ ಬೇಡಿಕೆಯಲ್ಲ, ಕೊಟ್ಟರೆ ದೊಡ್ಡ ಸುಧಾರಣೆ. ಅವು ಬರುವವರೆಗೂ ನಿನ್ನ ಕೈಯಲ್ಲಿರುವುದನ್ನು ನೀನು ಮಾಡು: ಮೊದಲ ವಾರದ ಮೊದಲ ಆದೇಶವನ್ನೇ ಸೋತವರು ಓದಿ ತಿಳಿಯುವಂತೆ ಬರೆ. ಅಲ್ಲಿ ಹಿಡಿದ ಅಭ್ಯಾಸವೇ ಮುಂದಿನ ನೂರು ಆದೇಶಗಳಲ್ಲೂ ನಡೆಯುತ್ತದೆ.